ಮೊದಲು ಔಟ್, ಆಮೇಲೆ ಅಂಟು

ಜತ್ತದಲ್ಲಿ ನನ್ನದು ಸಣ್ಣ ಸೈಕಲ್ ಅಂಗಡಿ. ಬರುವುದೆಲ್ಲ ಶಾಲೆ ಮಕ್ಕಳ, ಹಾಲಿನವರ ಸೈಕಲ್ಲೇ. ಆದರೆ ವಿಜಯಪುರದ ಕಡೆ ರೇಸ್ ಹುಚ್ಚು ಜಾಸ್ತಿ ಅಲ್ವಾ? ಅಲ್ಲಿ ತಯಾರಿ ಮಾಡುತ್ತಿದ್ದ ನಮ್ಮೂರ ಹುಡುಗನೊಬ್ಬ ಒಂದು ದಿನ ಟ್ಯೂಬುಲರ್ ಟೈರಿನ ಹಿಂದಿನ ಗಾಲಿ ತಂದ. "ಕಾಕಾ, ನಾಡಿದ್ದು ಬೇಕ್ರಿ" ಅಂದ.

ಈ ಟೈರಿನಲ್ಲಿ ಟ್ಯೂಬನ್ನು ಒಳಗೇ ಇಟ್ಟು ಹೊಲಿದಿರುತ್ತಾರೆ. ರಿಮ್ಮಿನ ಅಂಚಿಗೆ ಸಿಕ್ಕಿಕೊಳ್ಳುವ ತಂತಿ ಇಲ್ಲ. ಹಿಡಿದಿಡುವುದು ಅಂಟು, ಜೊತೆಗೆ ಗಾಳಿಯ ಬಿಗಿ.

ಅವಸರಕ್ಕೆ ಬಿದ್ದು ಮೊದಲು ಟೈರ್ ಅಂಟಿಸಿಬಿಟ್ಟೆ. ಆಮೇಲೆ ಔಟ್ ತೆಗೆಯಲು, ಅಂದರೆ ಗಾಲಿಯ ಓಲಾಟ ಸರಿಪಡಿಸಲು ಕೂತೆ. ಬಿಗಿದು ಕೂತಿದ್ದ ಒಂದು ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟು) ಮೇಲೆ ಪಾನಾ ಜಾರಿ ಅದರ ಮೂಲೆಗಳೆಲ್ಲ ಸವೆದುಹೋದವು. ಬದಲಿಸೋಣ ಅಂದರೆ ನಿಪ್ಪಲ್ಲಿನ ತಲೆ ಟೈರಿನ ಅಡಿಯಲ್ಲಿದೆ. ಹಿಂದಿನ ದಿನವಷ್ಟೇ ಅಂಟಿಸಿದ್ದ ಟೈರನ್ನು ನಾನೇ ಕಿತ್ತೆ. ಟೈರಿನ ಹೊಲಿಗೆ ಮುಚ್ಚುವ ಅಡಿಪಟ್ಟಿ ಅರ್ಧ ಕಿತ್ತು ಬಂತು. ಹುಡುಗನಿಗೆ ಮುಖ ತೋರಿಸುವುದು ಹೇಗೆ?

ಎರಡನೇ ಸಲ ಬರೀ ರಿಮ್ಮನ್ನೇ ಸ್ಟ್ಯಾಂಡಿಗೆ ಏರಿಸಿದೆ. ಪ್ರತಿ ನಿಪ್ಪಲ್ಲಿಗೂ ಒಂದು ಹನಿ ಎಣ್ಣೆ ಬಿಟ್ಟು ಒಂದಿಷ್ಟು ಹೊತ್ತು ಕಾದೆ. ಗಾಲಿ ಎಡಕ್ಕೆ ಎಳೆದಿದ್ದ ಕಡೆ ಬಲಗಡೆಯ ಕಡ್ಡಿ ಬಿಗಿ, ಎಡಗಡೆಯದು ಸಡಿಲ, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಕಡ್ಡಿ ತಾನೇ ತಿರುಚಿಕೊಂಡು ಮೋಸ ಮಾಡುತ್ತದೆ. ಅದಕ್ಕೇ ಸ್ವಲ್ಪ ಹೆಚ್ಚು ತಿರುಗಿಸಿ, ಅಷ್ಟೇ ಹಿಂದಕ್ಕೆ ತಂದೆ. ಹಿಂದಿನ ಗಾಲಿಯಲ್ಲಿ ಚೈನಿನ ಕಡೆಯ ಕಡ್ಡಿಗಳು ಹೆಚ್ಚು ಬಿಗಿ ಇರುತ್ತವೆ, ಎರಡೂ ಬದಿ ಒಂದೇ ಸಮ ಮಾಡಲು ಹೋದರೆ ರಿಮ್ಮು ನಡುವಿನಿಂದ ಸರಿಯುತ್ತದೆ. ಬೆರಳಿನಿಂದ ಮೀಟಿ ಒಂದೇ ಬದಿಯ ಕಡ್ಡಿಗಳ ನಾದ ಕೇಳಿದೆ. ಓಲಾಟ ಅರ್ಧ ಮಿಲಿಮೀಟರಿಗಿಂತ ಕಮ್ಮಿಗೆ ಇಳಿದಾಗ ಪಾನಾ ಕೆಳಗಿಟ್ಟೆ.

ಅದು ಅಲ್ಯೂಮಿನಿಯಂ ರಿಮ್ಮು, ಹಾಗಾಗಿ ಅಸಿಟೋನಿನಿಂದ ಹಳೆ ಅಂಟು ಒರೆಸಿದೆ. ಹೊಸ ಟೈರನ್ನು ಒಣಗಿದ ರಿಮ್ಮಿಗೆ ಏರಿಸಿ, ಗಾಳಿ ತುಂಬಿ ಒಂದು ದಿನ ಬಿಟ್ಟೆ. ಇಲ್ಲದಿದ್ದರೆ ಅಂಟು ಹಾಕಿದ ಮೇಲೆ ಎಳೆದು ಕೂರಿಸಲು ಒದ್ದಾಡಬೇಕು. ಆಮೇಲೆ ಟೈರ್ ಬಿಚ್ಚಿ, ರಿಮ್ಮಿಗೆ ಅಂಟಿನ ಎರಡು ತೆಳು ಲೇಪ, ಟೈರಿನ ಅಡಿಪಟ್ಟಿಗೆ ಒಂದು. ಮತ್ತೆ ರಾತ್ರಿಯಿಡೀ ಒಣಗಲು ಬಿಟ್ಟೆ. ಬೆಳಿಗ್ಗೆ ರಿಮ್ಮಿಗೆ ಇನ್ನೊಂದು ಲೇಪ ಹಚ್ಚಿ, ಹಸಿ ಇರುವಾಗಲೇ ವಾಲ್ವ್ ಕಡೆಯಿಂದ ಕೂರಿಸಿದೆ. ಕೊನೆಯ ಗೇಣು ಹೆಬ್ಬೆರಳಿಗೆ ನೋವು ತರಿಸಿತು.

ನಮ್ಮ ಕಡೆ ಮೇ ತಿಂಗಳ ಬಿಸಿಲಿಗೆ ಅಂಟು ಮೆತ್ತಗಾಗುತ್ತದೆ ಅನ್ನುವ ಭಯ ಬೇರೆ. 2003ರ ಟೂರ್ ಡಿ ಫ್ರಾನ್ಸ್‌ನಲ್ಲಿ ಇಳಿಜಾರಿನಲ್ಲಿ ಸ್ಪೇನಿನ ಸವಾರ ಬೆಲೋಕಿಯ ಹಿಂದಿನ ಟೈರು ರಿಮ್ಮಿನಿಂದ ಉರುಳಿಹೋದದ್ದು ನೆನಪಾಯಿತು. ಮರುದಿನ ಗಾಳಿ ಬಿಟ್ಟು, ಟೈರನ್ನು ಪಕ್ಕಕ್ಕೆ ಜೋರಾಗಿ ತಳ್ಳಿ ನೋಡಿದೆ. ಕದಲಲಿಲ್ಲ. ಹುಡುಗ ಬಂದಾಗ ಅವನ ಕೈಯಿಂದಲೂ ತಳ್ಳಿಸಿದೆ.