ಚೌಕಗಳ ಮೇಲೆ ಅಲೆ ಹರಿಸಿದ ಅನುಭವ

ವಾಸ್ತವವು ಮೂಲದಲ್ಲಿ ನಿರಂತರವೋ, ಬಿಡಿಬಿಡಿ ತುಣುಕುಗಳಿಂದಾದದ್ದೋ ಎಂಬ ಪ್ರಶ್ನೆಯನ್ನು ನಾನು ಬಹುಕಾಲ ವೇದಾಂತಿಗಳಿಗೇ ಬಿಟ್ಟಿದ್ದೆ. ಅಲೆಗಳ ಚಲನೆಯನ್ನು ಲೆಕ್ಕ ಹಾಕುವ ಪ್ರೋಗ್ರಾಂ ಬರೆಯತೊಡಗಿದ ಮೇಲೆ ಅದು ನನ್ನದೇ ತಲೆನೋವಾಯಿತು.

ತರಂಗ ಸಮೀಕರಣವು ದೇಶಕಾಲಗಳನ್ನು ನಿರಂತರವೆಂದೇ ಭಾವಿಸುತ್ತದೆ. ಕಂಪ್ಯೂಟರಿಗೆ ಅದು ದಕ್ಕುವುದಿಲ್ಲವಾದ್ದರಿಂದ, ಮೇಲ್ಮೈಯನ್ನು ಚೌಕುಳಿಯಾಗಿ ವಿಂಗಡಿಸಿ, ಪ್ರತಿ ಬಿಂದುವಿನ ಮುಂದಿನ ಕ್ಷಣದ ಎತ್ತರವನ್ನು ಅದರ ನಾಲ್ಕು ನೆರೆಬಿಂದುಗಳಿಂದ ಲೆಕ್ಕ ಹಾಕಿದೆ. ನಡುವೆ ಎಬ್ಬಿಸಿದ ಅಲೆ ಮೊದಲು ದುಂಡಗೇ ಹರಡಿತು; ದೂರ ಸಾಗಿದಂತೆ ಅಡ್ಡ ಮತ್ತು ಉದ್ದ ದಿಕ್ಕುಗಳಲ್ಲಿ ಹಿಂದುಳಿದು, ಕರ್ಣದ ದಿಕ್ಕಿನಲ್ಲಿ ತುಸು ಮುಂದೆ ಚಾಚಿಕೊಂಡಿತು. ಎಲ್ಲೋ ಚಿಹ್ನೆ ತಪ್ಪಿರಬೇಕೆಂದು ಎರಡು ದಿನ ಹುಡುಕಿದೆ. ತಪ್ಪು ಇರಲಿಲ್ಲ. ಕಾಲದ ಹೆಜ್ಜೆ, ಅಂದರೆ ಒಂದು ಲೆಕ್ಕದಿಂದ ಮುಂದಿನದಕ್ಕೆ ಇರುವ ಕಾಲದ ಅಂತರ, ಬಹಳ ಚಿಕ್ಕದಾಗಿದ್ದು, ಒಂದು ತರಂಗದೂರಕ್ಕೆ (ಅಲೆಯ ಎರಡು ಶಿಖರಗಳ ನಡುವಿನ ಅಂತರಕ್ಕೆ) 10 ಬಿಂದುಗಳಿದ್ದರೆ, ಅಕ್ಷದ ಗುಂಟ ವೇಗವು ಸುಮಾರು ಶೇ. 1.6ರಷ್ಟು ತಗ್ಗುತ್ತದೆ, ಕರ್ಣದ ಗುಂಟ ಅದರ ಅರ್ಧದಷ್ಟೇ. ತರಂಗದೂರ ಕಿರಿದಾದಷ್ಟೂ ಅಲೆ ಇನ್ನೂ ನಿಧಾನ.

ಪ್ರಕೃತಿಗೂ ಇಂಥ ಚೌಕುಳಿ ಇದ್ದರೆ ಅದೂ ಹೀಗೆಯೇ ಸಿಕ್ಕಿಬೀಳಬೇಕಲ್ಲವೇ ಎಂದು ಆಗ ಅನ್ನಿಸಿತು. ತುಣುಕಿನ ಅಳತೆ ಭೌತಶಾಸ್ತ್ರದಲ್ಲಿ ಅತಿ ಕಿರಿದೆಂದು ಎಣಿಸುವ ಪ್ಲಾಂಕ್ ಉದ್ದದಷ್ಟು, ಅಂದರೆ ಸುಮಾರು 1.6×10⁻³⁵ ಮೀಟರ್ ಇದ್ದರೂ, ದಾರಿ ಸಾಕಷ್ಟು ದೀರ್ಘವಾಗಿದ್ದರೆ ಹಿಂದುಳಿಕೆ ಕೂಡುತ್ತಾ ಹೋಗುತ್ತದೆ. 2009ರ ಮೇ 10ರಂದು ಫರ್ಮಿ ಬಾಹ್ಯಾಕಾಶ ದೂರದರ್ಶಕ ದಾಖಲಿಸಿದ ಗಾಮಾ ಕಿರಣ ಸ್ಫೋಟದಲ್ಲಿ, 700 ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಪಯಣಿಸಿದ ಸುಮಾರು 31 ಗಿಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಫೋಟಾನೊಂದು (ಬೆಳಕಿನ ಕಣ), ಸ್ಫೋಟ ದಾಖಲಾದ ಒಂದು ಸೆಕೆಂಡಿನೊಳಗೇ ತಲುಪಿತ್ತು. ಬೆಳಕಿನ ಶಕ್ತಿ ಹೆಚ್ಚಿದಷ್ಟೂ ತರಂಗದೂರ ಕಿರಿದು; ಹಾಗಾಗಿ ಶಕ್ತಿಗೆ ನೇರ ಅನುಪಾತದಲ್ಲಿ ವೇಗ ತಗ್ಗುತ್ತದೆಂಬ ಸರಳ ಕಲ್ಪನೆಗೆ ಇದು ಬಲವಾದ ಪೆಟ್ಟು. ಆದರೆ ಬಿಡಿತನದ ಕಲ್ಪನೆಗಳೆಲ್ಲ ಹೀಗೆ ವೇಗವನ್ನು ಬದಲಿಸಲೇಬೇಕೆಂದಿಲ್ಲ. ಬಿಂದುಗಳನ್ನು ಸಾಲಾಗಿ ಜೋಡಿಸದೆ ಯಾದೃಚ್ಛಿಕವಾಗಿ ಚೆಲ್ಲುವ ಸಿದ್ಧಾಂತವೂ ಇದೆ.

ಚೌಕುಳಿ ಇದ್ದರೆ ಸಿಕ್ಕಿಬೀಳಲೇಬೇಕೆಂಬ ನನ್ನ ನಿಲುವನ್ನು ನಿಜಕ್ಕೂ ಅಲುಗಿಸಿದ್ದು ಇನ್ನೂ ಸರಳವಾದ ಪ್ರಯೋಗ. ಒಂದೇ ಆಯಾಮದ ತಂತಿಯಲ್ಲಿ, ಒಂದು ಕಾಲಹೆಜ್ಜೆಗೆ ಅಲೆ ಸರಿಯಾಗಿ ಒಂದು ಬಿಂದುವಿನಷ್ಟು ದೂರ ಸಾಗುವಂತೆ ಹೊಂದಿಸಿದೆ. ಹೆಜ್ಜೆಯನ್ನು ಅರ್ಧಕ್ಕಿಳಿಸಿದ್ದಾಗ ಅಲೆಯ ಹಿಂದೆ ಪುಟ್ಟ ನಿರಿಗೆಗಳ ಬಾಲ ಬೆಳೆಯುತ್ತಿತ್ತು; ಈಗ ಅದು ಮಾಯವಾಗಿ, ಪ್ರತಿ ಬಿಂದುವಿನಲ್ಲಿಯೂ ನಿರಂತರ ಸಮೀಕರಣದ ಉತ್ತರವೇ, ಕೊನೆಯ ದಶಮಾಂಶಗಳ ಪೂರ್ಣಾಂಕನ ದೋಷವೊಂದನ್ನು ಬಿಟ್ಟು, ಯಥಾವತ್ತಾಗಿ ಬಂತು. ಆ ತಂತಿಯೊಳಗೇ ವಾಸಿಸುವ ವೀಕ್ಷಕನೊಬ್ಬನಿದ್ದರೆ, ಅವನು ಎಷ್ಟು ದೂರದ ಅಲೆಯನ್ನು ಅಳೆದರೂ ತನ್ನ ಲೋಕ ಬಿಂದುಗಳಿಂದಾದದ್ದೆಂದು ಅದರ ವೇಗದಿಂದ ಕಂಡುಕೊಳ್ಳಲಾರ.