ಹತ್ತೂವರೆಯೊಳಗೆ ಮನೆ: ಬೇಸಿಗೆ ರಜೆಯಲ್ಲಿ ಚಿಕ್ಕ ಮಕ್ಕಳನ್ನು ಸುತ್ತಾಡಿಸುವ ಬಗೆ

ಏಪ್ರಿಲ್ ಹತ್ತು ದಾಟಿತೆಂದರೆ ಮಗ, ಸೊಸೆ ಇಬ್ಬರೂ ಮಕ್ಕಳನ್ನು ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯಲ್ಲಿ ಬಿಟ್ಟು ಆಫೀಸಿಗೆ ಹೋಗುತ್ತಾರೆ. ಪುಟ್ಟಿಗೆ 6 ವರ್ಷ, ಗುಂಡನಿಗೆ 3. ನನಗೆ 64. ಅಂಚೆ ಕಚೇರಿ ಕೌಂಟರಿನಲ್ಲಿ ಕೂತು ಕೂತು ಮಂಡಿ ಹಿಡಿದುಕೊಂಡಿದೆ. ಶಾಲೆ ಮತ್ತೆ ಶುರುವಾಗುವ ತನಕ ಈ ಇಬ್ಬರನ್ನು ಟಿ.ವಿ. ಮುಂದೆ ಕೂರಿಸದೆ ದಿನ ದೂಡಬೇಕು. ಪುಟ್ಟಿ ಒಬ್ಬಳೇ ಇದ್ದಾಗಿನಿಂದ ಮಾಡಿದ ತಪ್ಪುಗಳಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡ ತಪ್ಪು ನಂದಿ ಬೆಟ್ಟದ್ದು. ಭಾನುವಾರ, ಮೇ ತಿಂಗಳು. "ಅಮ್ಮ, ಬರೀ 60 ಕಿಲೋಮೀಟರ್, 8ಕ್ಕೆ ಹೊರಟರೂ ಆಯಿತು" ಎಂದ ಮಗ. ಹೊರಡುವ ಮೊದಲು ಮಗುವಿಗೆ ಹೊಟ್ಟೆ ತುಂಬ ಹಾಲು ಕುಡಿಸಿದ್ದು ನಾನೇ. ಬುಡದಲ್ಲೇ ಕಾರುಗಳ ಸಾಲು. ತಿರುವುಗಳು ಶುರುವಾದ ಮೇಲೆ ಆ ಹಾಲೆಲ್ಲ ನನ್ನ ಸೀರೆ ಮೇಲೆ ಬಂತು. ಮೇಲೆ ಹೋದಾಗ ನೆತ್ತಿ ಸುಡುವ ಬಿಸಿಲು. ಪುಟ್ಟಿ ಕೈಯಲ್ಲಿದ್ದ ಬಾಳೆಹಣ್ಣನ್ನು ಕೋತಿ ಕಿತ್ತುಕೊಂಡು ಹೋಯಿತು. ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಆವತ್ತಿನಿಂದ ನಮ್ಮ ಮನೆಯಲ್ಲಿ ಒಂದೇ ಕಾನೂನು. ಬೆಳಿಗ್ಗೆ ಹೋದರೆ ಹತ್ತೂವರೆಯೊಳಗೆ ಮನೆಯಲ್ಲಿರಬೇಕು. ಇಲ್ಲವೇ ಸಂಜೆ ನಾಲ್ಕೂವರೆ ಮೇಲೆ ಹೊರಡಬೇಕು. ಒಂದು ದಿನಕ್ಕೆ ಒಂದೇ ಜಾಗ. "ಹೇಗೂ ಆ ಕಡೆ ಹೋಗಿದ್ದೀವಲ್ಲ, ಅದನ್ನೂ ನೋಡಿಬಿಡೋಣ" ಎಂಬ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ. ಮೂರು ವರ್ಷದ ಮಗು ಎರಡು ಗಂಟೆ ಚೆನ್ನಾಗಿರುತ್ತದೆ. ಮೂರನೇ ಗಂಟೆಗೆ ರಚ್ಚೆ ಶುರು. ಅದು ಹಟ ಅಲ್ಲ, ಸುಸ್ತು. ನಮಗೂ ಆಗುತ್ತದೆ, ನಾವು ಹೇಳಿಕೊಳ್ಳುವುದಿಲ್ಲ ಅಷ್ಟೆ.

ಬೆಳಿಗ್ಗೆ ಎಂದರೆ ನನ್ನ ಲೆಕ್ಕದಲ್ಲಿ ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ, ಈಗ 240 ಎಕರೆ. ಎಲ್ಲವನ್ನೂ ಒಂದೇ ದಿನ ತೋರಿಸಲು ಹೋಗಬೇಡಿ. ನಾನು ಅದನ್ನು ನಾಲ್ಕು ಕಂತು ಮಾಡಿದ್ದೇನೆ.

ಮೊದಲ ಕಂತು ಬಂಡೆ. ಏಳು ಗಂಟೆಗೆ ಮುಂಚೆ ಅಲ್ಲಿರಬೇಕು, ಒಂಬತ್ತಾದರೆ ಕಲ್ಲು ಕಾದು ಕಾವಲಿಯಾಗುತ್ತದೆ. ಮೇಲೆ ಕೆಂಪೇಗೌಡರ ಗೋಪುರ ಇದೆ. ಈ ಕಲ್ಲಿಗೆ ಸುಮಾರು 300 ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಇದನ್ನು ಪುಟ್ಟಿಗೆ ಹೇಳಿದಾಗ "ನಿನಗಿಂತ ಹಳೇದಾ ಅಜ್ಜಿ?" ಎಂದು ಕೇಳಿದಳು. ಸ್ವಲ್ಪ ಹಳೇದು ಎಂದೆ. ಹತ್ತುವಾಗ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಶೂ ಹಾಕಿಸಿ. ನನ್ನ ಹಾಗೆ ಮಂಡಿ ನೋವಿದ್ದರೆ ಅರ್ಧಕ್ಕೇ ಕೂತುಬಿಡಿ. ಆದರೆ ಮಕ್ಕಳು ಕಣ್ಣಳತೆಯಲ್ಲೇ ಇರಲಿ.

ಎರಡನೇ ಕಂತು ಕಲ್ಲಾದ ಮರ. ತಮಿಳುನಾಡಿನ ತಿರುವಕ್ಕರೈಯಿಂದ ತಂದಿಟ್ಟ ಮರದ ಪಳೆಯುಳಿಕೆ, ಸುಮಾರು 2 ಕೋಟಿ ವರ್ಷ ಹಳೆಯದು. ನೋಡಿದರೆ ಮರದ ತುಂಡು, ನಿಜಕ್ಕೂ ಕಲ್ಲು. ಬೂರುಗದ ದೊಡ್ಡ ಮರವನ್ನೂ ಅವತ್ತೇ ತೋರಿಸುತ್ತೇನೆ. ಅದರ ಬೇರು ಗೋಡೆಯ ಹಾಗೆ ಎದ್ದಿದೆ, ಗುಂಡ ಅದರ ಪಕ್ಕ ನಿಂತರೆ ಕಾಣುವುದೇ ಇಲ್ಲ. ಮೂರನೇ ಕಂತು ಗಾಜಿನ ಮನೆ ಮತ್ತು ಹೂವಿನ ಗಡಿಯಾರ. ನಾಲ್ಕನೆಯದು ಕೆರೆ. ಅಲ್ಲಿ ಸುಮ್ನೆ ಕೂರುವುದು, ಹಕ್ಕಿ ಎಣಿಸುವುದು. ನನಗೆ ಇಷ್ಟವಾದದ್ದು ಇದೇ. ಮೇ ತಿಂಗಳು ಬಂತೆಂದರೆ ಐದನೇ ಕಂತೂ ಸಿಗುತ್ತದೆ, ಮಾವಿನ ಮೇಳ. ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಚಿಕ್ಕ ಮಕ್ಕಳಿಗೆ ರಸಪುರಿಯೇ ಸರಿ, ಹಿಂಡಿ ಹೀರಬಹುದು. ಆ ದಿನ ಹಳೇ ಅಂಗಿ ಹಾಕಿಸಿ.

ಹೋಗುವುದು ಮೆಟ್ರೋದಲ್ಲಿ. ಆಟೋದಲ್ಲಿ ನ್ಯಾಷನಲ್ ಕಾಲೇಜು ಸ್ಟೇಷನ್, ಅಲ್ಲಿಂದ ಒಂದೇ ಸ್ಟೇಷನ್ ಲಾಲ್‌ಬಾಗ್. ಇಷ್ಟು ದೂರಕ್ಕೆ ಆಟೋದಲ್ಲೇ ಹೋಗಬಹುದಲ್ಲ ಎನ್ನಬೇಡಿ, ಮಕ್ಕಳಿಗೆ ಅರ್ಧ ಸಂತೋಷ ರೈಲಿನಲ್ಲೇ ಇದೆ. ಎಲ್ಲೂ ಹೋಗಲು ಮನಸ್ಸಿಲ್ಲದ ದಿನ ರೈಲನ್ನೇ ತಿರುಗಾಟ ಮಾಡಿಕೊಳ್ಳಿ. ನ್ಯಾಷನಲ್ ಕಾಲೇಜಿನಲ್ಲಿ ರೈಲು ಸೇತುವೆ ಮೇಲಿರುತ್ತದೆ. ಮಾರ್ಕೆಟ್ ಕಡೆ ಹೊರಟರೆ ನೆಲದೊಳಕ್ಕೆ ಇಳಿಯುತ್ತದೆ. ಮೆಜೆಸ್ಟಿಕ್ಕಿನಲ್ಲಿ ಹಸಿರು ಗೆರೆಯಿಂದ ನೇರಳೆ ಗೆರೆಗೆ ಬದಲಾಯಿಸಿಕೊಂಡು ಹೋದರೆ ಕಬ್ಬನ್ ಪಾರ್ಕ್ ತನಕ ಸುರಂಗ, ಎಂ.ಜಿ. ರೋಡಿಗೆ ಬರುವಷ್ಟರಲ್ಲಿ ಮತ್ತೆ ಬೆಳಕು. "ಹಾವು ಬಿಲದಿಂದ ಹೊರಗೆ ಬಂತು" ಎಂದು ಗುಂಡ ಕೂಗುತ್ತಾನೆ, ಪ್ರತಿ ಸಲವೂ. ರೈಲಿನೊಳಗೆ ತಿನ್ನಲು, ಕುಡಿಯಲು ಬಿಡುವುದಿಲ್ಲ, ಅದನ್ನು ಹತ್ತುವ ಮೊದಲೇ ಮುಗಿಸಿ. ಆಫೀಸಿನ ಹೊತ್ತಿನಲ್ಲಿ, ಅಂದರೆ ಬೆಳಿಗ್ಗೆ ಒಂಬತ್ತು ಸುಮಾರಿಗೆ ಮತ್ತು ಸಂಜೆ ಆರರ ಮೇಲೆ, ಮೆಜೆಸ್ಟಿಕ್ಕಿನಲ್ಲಿ ಮಗುವಿನ ಕೈ ಹಿಡಿದು ನಿಲ್ಲುವುದೂ ಕಷ್ಟ. ವಾಪಸ್ ಬರುವ ರೈಲು ಆ ಹೊತ್ತಿಗೆ ಸಿಕ್ಕಿಹಾಕಿಕೊಳ್ಳದಂತೆ ಲೆಕ್ಕ ಹಾಕಿಕೊಳ್ಳಿ.

ಸೊಸೆ ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದಾಗ ನಾನು ಅಡ್ಡ ನಿಂತದ್ದುಂಟು. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದ ಮಗುವಿಗೆ ದ್ವಿಚಕ್ರದ ಮೇಲೆ ಹೆಲ್ಮೆಟ್ ಮತ್ತು ಓಡಿಸುವವರಿಗೆ ಕಟ್ಟುವ ಬೆಲ್ಟು ಬೇಕು, ವೇಗ 40 ದಾಟಬಾರದು. 2022ರಲ್ಲಿ ಬಂದ ಕೇಂದ್ರದ ನಿಯಮ ಇದು. ಮುಂದೆ ನಿಲ್ಲಿಸಿಕೊಂಡು ಹೋಗುವ ಕಾಲ ಹೋಯಿತು. ಕಾರಿನವರಿಗೆ ಒಂದೇ ಮಾತು: ಒಂದು ಬಾಟಲಿ ನೀರು ತರಲೆಂದು ಇಳಿದರೂ ಮಗುವನ್ನು ಕಾರಿನೊಳಗೆ ಬಿಟ್ಟು ಹೋಗಬೇಡಿ. ಕಿಟಕಿ ಮುಚ್ಚಿದ ಕಾರು ಬಿಸಿಲಿನಲ್ಲಿ ಕೆಲವೇ ನಿಮಿಷದಲ್ಲಿ ಒಲೆಯಾಗುತ್ತದೆ.

ಇನ್ನು ಚೀಲದ ವಿಷಯ. ಮೊದಮೊದಲು ಮನೆಯನ್ನೇ ಹೊತ್ತುಕೊಂಡು ಹೋಗುತ್ತಿದ್ದೆ. ಈಗ ಒಂದೇ ಬಟ್ಟೆ ಚೀಲ. ಎರಡು ಜೊತೆ ಚಡ್ಡಿ, ಒಂದು ಹಳೇ ಪಂಚೆ, ನೀರು, ಟೋಪಿ, ಒಂದು ಓ.ಆರ್.ಎಸ್. ಪೊಟ್ಟಣ. ಆ ಪಂಚೆಯಂಥ ವಸ್ತು ಇನ್ನೊಂದಿಲ್ಲ. ಹಾಸಬಹುದು, ಒರೆಸಬಹುದು, ಒದ್ದೆ ಮಾಡಿ ತಲೆಗೆ ಸುತ್ತಬಹುದು. ಮಗುವಿಗೆ ಅರ್ಜೆಂಟಾದಾಗ ಮರೆಯಾಗಿಯೂ ಹಿಡಿಯಬಹುದು. ಓ.ಆರ್.ಎಸ್. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟಕ್ಕೇ ಕಲಸಬೇಕು. ರುಚಿಗೆಂದು ಕಮ್ಮಿ ನೀರು ಹಾಕಬಾರದು, ಸಕ್ಕರೆ ಸೇರಿಸಬಾರದು. ಮಗು ಬಹಳ ಹೊತ್ತಿನಿಂದ ಉಚ್ಚೆ ಹೊಯ್ದಿಲ್ಲ, ಹೊಯ್ದರೂ ಕಡು ಹಳದಿ ಎಂದರೆ ನೀರು ಸಾಲದು ಎಂದು ಅರ್ಥ. ಮಂಕಾಗಿ ಬಿದ್ದುಕೊಂಡು ಮೈ ಸುಡುತ್ತಿದ್ದರೆ ನೆರಳಿಗೆ ತಂದು, ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಾ ನೇರ ಡಾಕ್ಟರ ಹತ್ತಿರ ಹೋಗಿ. ಆರು ತಿಂಗಳೊಳಗಿನ ಕೂಸಿಗೆ ನೀರು ಬೇಡ, ಎದೆಹಾಲನ್ನೇ ಹೆಚ್ಚು ಸಲ ಕೊಟ್ಟರಾಯಿತು.

ಟಾಯ್ಲೆಟ್ ಬಗ್ಗೆ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಹೊರಡುವ ಮುಂಚೆ ಒಮ್ಮೆ, ಮೆಟ್ರೋ ಸ್ಟೇಷನ್ನಿನಲ್ಲಿ ಒಮ್ಮೆ, ಹೋದ ಜಾಗದಲ್ಲಿ ಕಾಲಿಟ್ಟ ತಕ್ಷಣ ಒಮ್ಮೆ. "ಬರ್ತಿದೆಯಾ?" ಎಂದು ಕೇಳಬೇಡಿ, "ಇಲ್ಲ" ಎಂದೇ ಹೇಳುತ್ತಾರೆ. ಕರೆದುಕೊಂಡು ಹೋಗಿ ನಿಲ್ಲಿಸಿ. ಬರುತ್ತದೆ.

ಹೊರಗೆ ಊಟ ಮಾಡುವ ದಿನ ಮೊಸರನ್ನವೇ ಕಟ್ಟುವುದು. ಮೊಸರು ಹಾಕಿ ಕಲಸಿದರೆ ಈ ಸೆಖೆಗೆ ಹನ್ನೊಂದಕ್ಕೇ ಹುಳಿಯಾಗುತ್ತದೆ, ಅದಕ್ಕೆ ನಮ್ಮಮ್ಮ ಮಾಡುತ್ತಿದ್ದ ಹಾಗೆ ಮಾಡಿ. ಅನ್ನ ಮೆತ್ತಗೆ ಬೇಯಿಸಿ, ಬಿಸಿ ಇರುವಾಗಲೇ ಕಿವುಚಿ. ಕಾದು ಆರಿದ ಹಾಲನ್ನು ಧಾರಾಳವಾಗಿ ಹಾಕಿ, ತೆಳ್ಳಗೆ ಎನಿಸಿದರೂ ಪರವಾಗಿಲ್ಲ. ಉಗುರುಬೆಚ್ಚಗಾದ ಮೇಲೆ ಒಂದೇ ಚಮಚ ಮೊಸರು. ಡಬ್ಬಿಯಲ್ಲಿ ಕೂತು ಕೂತು ಮಧ್ಯಾಹ್ನಕ್ಕೆ ಸರಿಯಾಗಿ ಹೆಪ್ಪಾಗಿರುತ್ತದೆ. ಸಾಸಿವೆ, ಶುಂಠಿ ಒಗ್ಗರಣೆ, ಮೇಲೆ ದಾಳಿಂಬೆ ಕಾಳು. ಹಸಿಮೆಣಸಿನಕಾಯಿ ದೊಡ್ಡವರ ಡಬ್ಬಿಗೆ ಮಾತ್ರ. ಚಿಪ್ಸ್ ಬೇಡ. ನನ್ನ ಮಾತು ಯಾರೂ ಕೇಳುವುದಿಲ್ಲ ಎಂದು ಗೊತ್ತು, ಆದರೂ ಉಪ್ಪು ತಿಂದ ಮಗು ನೀರು ನೀರು ಎನ್ನುತ್ತದೆ, ಆಮೇಲೆ ಟಾಯ್ಲೆಟ್. ಹೊರಗೆ ಏನಾದರೂ ಕೊಡಿಸಲೇಬೇಕೆಂದರೆ ಕಣ್ಣೆದುರೇ ಕೆತ್ತಿದ ಎಳನೀರು, ಕಣ್ಣೆದುರೇ ಬಿಡಿಸಿದ ತಾಟಿನುಂಗು. ಕತ್ತರಿಸಿ ಜೋಡಿಸಿಟ್ಟ ಕಲ್ಲಂಗಡಿ ಎಷ್ಟೇ ಕೆಂಪಾಗಿದ್ದರೂ ಮುಂದೆ ನಡೆಯಿರಿ.

ಮಧ್ಯಾಹ್ನವೇ ಹೋಗಬೇಕಾಗಿ ಬಂದರೆ ಸೂರಿರುವ ಜಾಗ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ 1962ರಿಂದ ಇದೆ, ನಾನೂ ಶಾಲೆಯಿಂದ ಹೋಗಿದ್ದೆ. ರೈಟ್ ಸಹೋದರರ ವಿಮಾನದ ಪ್ರತಿ ಇದೆ, ಡೈನೋಸಾರ್ ಇದೆ, ಗುಂಡಿ ಒತ್ತಿದರೆ ತಿರುಗುವ ಯಂತ್ರಗಳಿವೆ. ಗುಂಡನಿಗೆ ವಿಜ್ಞಾನ ಬೇಡ, ಗುಂಡಿ ಸಾಕು. ನೆಹರು ತಾರಾಲಯ ಐದು ದಾಟಿದವರಿಗೆ ಚೆನ್ನ. ಕನ್ನಡದ ಪ್ರದರ್ಶನದ ಹೊತ್ತು ಕೇಳಿಕೊಂಡು ಹೋಗಿ. ಮೂರು ವರ್ಷದವರಿಗೆ ಅಲ್ಲಿಯ ಕತ್ತಲೆ ಹೆದರಿಕೆ. ಗುಂಡನನ್ನು ಎತ್ತಿಕೊಂಡು ನಾನು ಹೊರಗೇ ಕೂತಿದ್ದೆ, ಟಿಕೆಟ್ಟು ದಂಡ.

ವಾರದ ರಜೆ ನೆನಪಿಟ್ಟುಕೊಳ್ಳಿ. ತಾರಾಲಯಕ್ಕೆ ಸೋಮವಾರ ರಜೆ, ಬನ್ನೇರುಘಟ್ಟಕ್ಕೆ ಮಂಗಳವಾರ. ಒಂದು ಸಲ ಒಂದು ಕಡೆ, ಹೆಸರು ಬೇಡ, ರಿಪೇರಿ ಎಂದು ಗೇಟಿಗೆ ಬೀಗ ಹಾಕಿತ್ತು. ಮೂರು ದಿನದಿಂದ ಆಸೆ ಹುಟ್ಟಿಸಿದ್ದೆ. ಪುಟ್ಟಿ ರಸ್ತೆ ಮೇಲೇ ಕೂತುಬಿಟ್ಟಳು. ಈಗ ಎಲ್ಲಿಗೆ ಎಂದು ಗೇಟು ಕಾಣುವ ತನಕ ಹೇಳುವುದಿಲ್ಲ.

ಬನ್ನೇರುಘಟ್ಟಕ್ಕೆ ಹೋಗುವುದಾದರೆ ವಾರದ ಮಧ್ಯೆ, ಬೆಳಿಗ್ಗೆ ಮೊದಲ ಸಫಾರಿಗೆ ಹೋಗಿ. ಟಿಕೆಟ್ಟು ಮೊದಲೇ ಆನ್‌ಲೈನಿನಲ್ಲಿ ತೆಗೆದುಕೊಳ್ಳಿ. ಬಿಸಿಲೇರಿದ ಮೇಲೆ ಹುಲಿಯೂ ನಮ್ಮ ಹಾಗೇ ನೆರಳಲ್ಲಿ ಮಲಗಿರುತ್ತದೆ.

ದೂರದ ಒಂದು ತಿರುಗಾಟ ಬೇಕೇ ಬೇಕು ಎನ್ನುವವರಿಗೆ ರಾಮನಗರದ ಜಾನಪದ ಲೋಕ ಹೇಳುತ್ತೇನೆ. ಮೈಸೂರು ಕಡೆಯ ಬೆಳಗಿನ ರೈಲು ಹತ್ತಿ, ರಾಮನಗರದಲ್ಲಿ ಇಳಿದು ಆಟೋ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾಗ. ಒರಳು, ನೇಗಿಲು, ತೊಗಲುಬೊಂಬೆ, ಮರದಡಿ ನೆರಳು. "ಇದರಲ್ಲಿ ನಮ್ಮಜ್ಜಿ ರಾಗಿ ಬೀಸುತ್ತಿದ್ದರು" ಎಂದು ಬೀಸುವ ಕಲ್ಲು ತೋರಿಸಿದರೆ ಮೊಮ್ಮಕ್ಕಳು ನನ್ನನ್ನೇ ಮ್ಯೂಸಿಯಂ ವಸ್ತು ನೋಡಿದಂತೆ ನೋಡಿದರು. ಅಲ್ಲಿಗೂ ಮಂಗಳವಾರ ರಜೆ. ಇನ್ನಷ್ಟು ಮುಂದೆ ಚನ್ನಪಟ್ಟಣ. ಹಾಲೆ ಮರದ ತುಂಡನ್ನು ತಿರುಗಿಸುತ್ತಾ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಬಣ್ಣ ಕರಗಿ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿಯಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಅಂಗಡಿಗಿಂತ ಈ ಕೆಲಸ ನಡೆಯುವ ಮನೆ ಹುಡುಕಿ ತೋರಿಸಿ. ಬಾಯಿಗಿಟ್ಟುಕೊಳ್ಳುವ ಕೂಸಿಗೆ ಗೊಂಬೆ ಕೊಳ್ಳುವಾಗ ಬಣ್ಣ ಯಾವುದರಿಂದ ಮಾಡಿದ್ದು ಎಂದು ಕೇಳಿ, ಸಣ್ಣ ಬಿಡಿಭಾಗ ಇದ್ದರೆ ಬೇಡ. ಈ ತಿರುಗಾಟಕ್ಕೆ ಹತ್ತೂವರೆ ಕಾನೂನು ನಡೆಯುವುದಿಲ್ಲ. ಅದಕ್ಕೇ ಬೇಸಿಗೆಗೆ ಒಂದೇ ಸಲ, ಮಗನೂ ಸೊಸೆಯೂ ಜೊತೆಗಿದ್ದ ದಿನ.

ನೀರಿನ ಜಾಗ ಮಾತ್ರ ಬೇಡ. ಮುತ್ತತ್ತಿ, ಮೇಕೆದಾಟು, ಮಂಚನಬೆಲೆ, ಎಲ್ಲವೂ ಫೋಟೋದಲ್ಲಿ ಚೆಂದ. ಮೇಲೆ ಸುಮ್ಮನೆ ಕಾಣುವ ನೀರಿನ ಅಡಿಯಲ್ಲಿ ಗುಂಡಿ, ಸುಳಿ ಇರುತ್ತದೆ. ಮೊಣಕಾಲುದ್ದ ನೀರು ಅಷ್ಟೇ ಅಲ್ವಾ ಎಂದರೆ, ಅದು ನಿಮ್ಮ ಮೊಣಕಾಲು.

ಜನ ಹೆಚ್ಚಿರುವ ಕಡೆ ಮಗುವಿನ ಮುಂಗೈ ಮೇಲೆ ಪೆನ್ನಿನಲ್ಲಿ ನಿಮ್ಮ ಫೋನ್ ನಂಬರ್ ಬರೆಯಿರಿ. ಕೈ ತಪ್ಪಿದರೆ 112ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಕ್ಷಣ ಫೋನ್ ಮಾಡಿ, ನಾವೇ ಹುಡುಕೋಣ ಎಂದು ಅರ್ಧ ಗಂಟೆ ಕಳೆಯಬೇಡಿ.

ಸಂಜೆಯ ತಿರುಗಾಟಕ್ಕೆ ಏಪ್ರಿಲ್ ಮಧ್ಯದಿಂದ ಮೋಡ ನೋಡಿಕೊಂಡು ಹೊರಡಬೇಕು. ಮಧ್ಯಾಹ್ನ ತೀರ ಧಗೆ, ಗಾಳಿ ನಿಂತಿದೆ ಎಂದರೆ ಐದಕ್ಕೆ ಗುಡುಗು ಗ್ಯಾರಂಟಿ. ಗಾಳಿ ಎದ್ದರೆ ಮರದಡಿ ನಿಲ್ಲಬೇಡಿ, ನಮ್ಮೂರಿನಲ್ಲಿ ಕೊಂಬೆ ಹೇಳಿ ಬೀಳುವುದಿಲ್ಲ. ನೀರು ನಿಂತ ಅಂಡರ್‌ಪಾಸಿಗೆ ಆಟೋದವರು ಇಳಿಸುತ್ತೇನೆಂದರೂ ಬೇಡ ಎನ್ನಿ.

ಆಕಾಶ ಚೆನ್ನಾಗಿದ್ದರೆ ನಾವು ನಡೆದುಕೊಂಡೇ ಬ್ಯೂಗಲ್ ರಾಕ್ ಪಾರ್ಕಿಗೆ ಹೋಗುತ್ತೇವೆ. ದಾರಿಯಲ್ಲಿ ಹೊಂಗೆ ಮರಗಳು ಹೊಸ ಎಲೆ ಬಿಟ್ಟಿರುತ್ತವೆ, ಕೆಳಗೆ ಅರಳು ಚೆಲ್ಲಿದ ಹಾಗೆ ಹೂ. ಹೊಂಗೆ ನೆರಳು, ತಾಯಿ ಮಡಿಲು ಎನ್ನುತ್ತಿದ್ದರು ನಮ್ಮ ಕಡೆ. ಪಾರ್ಕಿನ ಮರಗಳಲ್ಲಿ ಬಾವಲಿಗಳು ಕಪ್ಪು ಕೊಡೆ ಮಡಚಿ ನೇತು ಹಾಕಿದಂತೆ ತೂಗುತ್ತಿರುತ್ತವೆ. ಅವು ಕಚ್ಚಿ ಬೀಳಿಸಿದ ಹಣ್ಣು ಮುಟ್ಟಲು ಬಿಡಬೇಡಿ, ಮನೆಗೆ ಬಂದು ಕೈ ತೊಳೆಸಿ. ಕತ್ತಲಾಗುವ ಹೊತ್ತಿಗೆ ಒಂದೊಂದಾಗಿ ಎದ್ದು ಹಾರುತ್ತವೆ. ಪುಟ್ಟಿ ಎಣಿಸುತ್ತಾಳೆ, ಇಪ್ಪತ್ತೊಂಬತ್ತಾದ ಮೇಲೆ ಯಾವಾಗಲೂ ನಲವತ್ತಕ್ಕೆ ಹಾರುತ್ತಾಳೆ. ಗುಂಡ ಅಷ್ಟರಲ್ಲಿ ನನ್ನ ಹೆಗಲ ಮೇಲೆ ನಿದ್ದೆ ಹೋಗಿರುತ್ತಾನೆ. ಅವನನ್ನು ಎತ್ತಿಕೊಂಡು ಮನೆ ತನಕ ನಡೆಯಲು ನನ್ನ ಮಂಡಿ ಒಪ್ಪುವುದಿಲ್ಲ. ಹಾಗಾಗಿ ಚೀಲದಲ್ಲಿ ಆಟೋಗೆಂದು ಚಿಲ್ಲರೆ ಇಟ್ಟುಕೊಂಡೇ ಹೊರಡಿ.