ಪುಲಾಸ್ಕಿ ಪಾರ್ಕಿಗೆ ಹೊರಡುವ ಮುನ್ನ ಒಮ್ಮೆ ಬಾವುಟಗುಡ್ಡೆ ಹತ್ತಿ

ಮಂಗಳೂರು, ಉಡುಪಿ ಕಡೆಯ ನಿವೃತ್ತ ತಂದೆತಾಯಿಗಳು ಮಗನ ಅಥವಾ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿ ನಾಲ್ಕೈದು ತಿಂಗಳು ಇದ್ದು ಬರುವುದು ಈಗ ಹೊಸ ಸಂಗತಿಯೇನಲ್ಲ. ಮಕ್ಕಳು ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಉಳಿಯುವ ಉದ್ದನೆಯ ಹಗಲಿಗೆ ಆಸರೆಯಾಗುವುದು ಹೆಚ್ಚಾಗಿ ಹತ್ತಿರದ ಪಾರ್ಕು. ಶಿಕಾಗೊ, ಮಿಲ್ವಾಕಿ, ಮ್ಯಾಸಚುಸೆಟ್ಸ್ ಮುಂತಾದ ಕಡೆಗಳಲ್ಲಿ ಆ ಪಾರ್ಕಿನ ಫಲಕದ ಮೇಲೆ ಪುಲಾಸ್ಕಿ ಎಂದೋ ಕೊಶ್ಚುಷ್ಕೊ ಎಂದೋ ಬರೆದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಇವರಿಬ್ಬರೂ ಪೋಲೆಂಡಿನ ಯೋಧರು. ಇಬ್ಬರೂ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದವರು. ಇಂತಹ ಪಾರ್ಕುಗಳನ್ನು ಹುಡುಕುವುದು ಹೇಗೆ, ಅಲ್ಲಿ ಏನನ್ನು ನೋಡಬೇಕು, ಯಾವ ಎಡವಟ್ಟುಗಳನ್ನು ತಪ್ಪಿಸಬೇಕು ಎಂಬುದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ತಯಾರಿಯನ್ನು ಊರಿನಲ್ಲಿಯೇ ಮಾಡಿಕೊಳ್ಳುವುದು ಉತ್ತಮ, ಅದಕ್ಕೆ ಮಂಗಳೂರಿನ ಬಾವುಟಗುಡ್ಡೆಗಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ. ಒಂದು ಸಂಜೆ ಅಲ್ಲಿಗೆ ಹೋಗಿ, ಹಳೆಯ ದೀಪಸ್ತಂಭದ ಬಳಿ ನಿಂತು, ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಜಾಗಕ್ಕೆ ಯಾರ ಹೆಸರು, ಪ್ರತಿಮೆ ಯಾರದು, ಅದನ್ನು ಯಾವಾಗ ಯಾರು ನಿಲ್ಲಿಸಿದರು? ಗುಡ್ಡೆಗೆ ಹೆಸರು ಬಂದದ್ದು ಬಾವುಟದಿಂದ. 1837ರ ಏಪ್ರಿಲ್ ತಿಂಗಳಲ್ಲಿ ಸುಳ್ಯದ ಕಡೆಯಿಂದ ದಂಡೆತ್ತಿ ಬಂದ ರೈತರು ಬ್ರಿಟಿಷರ ಧ್ವಜವನ್ನು ಇಳಿಸಿ ತಮ್ಮ ಬಾವುಟವನ್ನು ಇಲ್ಲಿ ಏರಿಸಿದ್ದರು. ಅಲ್ಲಿಯೇ ಇರುವ ಪಾರ್ಕಿಗೆ ರವೀಂದ್ರನಾಥ ಟಾಗೋರರ ಹೆಸರು. ಪ್ರತಿಮೆಯಾದರೋ ಆ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರದು, ಅದು ಅನಾವರಣಗೊಂಡದ್ದು 2022ರ ನವೆಂಬರಿನಲ್ಲಿ. ಗುಡ್ಡೆಯ ಹೆಸರು, ಪಾರ್ಕಿನ ಹೆಸರು, ಪ್ರತಿಮೆಯ ಹೆಸರು ಮೂರೂ ಬೇರೆ ಬೇರೆ. ಘಟನೆಗೂ ಪ್ರತಿಮೆಗೂ ನಡುವೆ 185 ವರ್ಷಗಳ ಅಂತರ. ನಡೆದದ್ದನ್ನು ತಿಳಿಯಲು ಮೊದಲ ಇಸವಿ ಬೇಕು, ಅದನ್ನು ನೆನೆಯಬೇಕೆಂದು ಯಾರಿಗೆ ಯಾವಾಗ ಅನಿಸಿತು ಎಂಬುದನ್ನು ತಿಳಿಯಲು ಎರಡನೆಯದು ಬೇಕು. ವೀರರ ಹೆಸರಿನ ಪಾರ್ಕುಗಳಲ್ಲಿ ನನಗೆ ಯಾವಾಗಲೂ ಹೆಚ್ಚು ರುಚಿಸುವುದು ಎರಡನೆಯ ಇಸವಿಯೇ.

ಇನ್ನು ಇಬ್ಬರ ಪರಿಚಯ. ಕಾಜಿಮೀರ್ ಪುಲಾಸ್ಕಿ 1745ರಲ್ಲಿ ವಾರ್ಸಾದಲ್ಲಿ ಹುಟ್ಟಿದವನು. 1768ರಲ್ಲಿ ರಷ್ಯಾದ ಹಿಡಿತದ ವಿರುದ್ಧ ಎದ್ದ ಬಾರ್ ಒಕ್ಕೂಟದಲ್ಲಿ ಸೇರಿ, ಚೆಂಸ್ಟೊಹೋವಾದ ಮಠವನ್ನು ಕಾಯ್ದು ಹೆಸರಾದ. ಕೊನೆಗೆ ದೊರೆಯನ್ನು ಅಪಹರಿಸಲು ಹೊಂಚು ಹಾಕಿದನೆಂಬ ಆರೋಪ ಹೊತ್ತು ದೇಶ ಬಿಟ್ಟ. ಪ್ಯಾರಿಸಿನಲ್ಲಿ ಬೆಂಜಮಿನ್ ಫ್ರ್ಯಾಂಕ್ಲಿನ್ ಕೊಟ್ಟ ಶಿಫಾರಸು ಪತ್ರ ಹಿಡಿದು 1777ರಲ್ಲಿ ಅಮೆರಿಕಕ್ಕೆ ಬಂದವನು ಬ್ರಾಂಡಿವೈನ್ ಯುದ್ಧದಲ್ಲಿ ಮಾಡಿದ ಸಾಹಸಕ್ಕಾಗಿ ಕುದುರೆ ಸೈನ್ಯದ ಬ್ರಿಗೇಡಿಯರ್ ಜನರಲ್ ಆದ. 1779ರ ಅಕ್ಟೋಬರ್ 9ರಂದು ಸವಾನಾ ಮುತ್ತಿಗೆಯಲ್ಲಿ ಫಿರಂಗಿಯ ಚರೆಗುಂಡು ತಗುಲಿ, ಎರಡು ದಿನಗಳ ಬಳಿಕ ತೀರಿಕೊಂಡ. ತದೇವುಷ್ ಕೊಶ್ಚುಷ್ಕೊ ಬೇರೆಯೇ ಬಗೆಯ ಮನುಷ್ಯ, ಕೋಟೆ ಕಟ್ಟುವ ಎಂಜಿನಿಯರು. ಸಾರಟೋಗಾದಲ್ಲಿ ಬ್ರಿಟಿಷರನ್ನು ತಡೆದ ನೆಲೆಗಳನ್ನು ಆರಿಸಿ ಭದ್ರಪಡಿಸಿದವನೂ, ಹಡ್ಸನ್ ನದಿಯ ದಂಡೆಯ ವೆಸ್ಟ್ ಪಾಯಿಂಟಿನ ಕೋಟೆಗಳನ್ನು ರೂಪಿಸಿದವನೂ ಈತನೇ. ಯುದ್ಧ ಮುಗಿದ ಮೇಲೆ ಊರಿಗೆ ಮರಳಿ 1794ರಲ್ಲಿ ರಷ್ಯಾದ ವಿರುದ್ಧ ಬಂಡಾಯದ ನಾಯಕನಾದ, ಸೋತು ಸೆರೆಯಾದ, 1817ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡ. ಕುದುರೆಯ ಮೇಲಿರುವವನು ಪುಲಾಸ್ಕಿ, ಕೈಯಲ್ಲಿ ನಕ್ಷೆ ಹಿಡಿದು ನಿಂತವನು ಕೊಶ್ಚುಷ್ಕೊ ಎಂದು ಗುರುತು ಇಟ್ಟುಕೊಳ್ಳುವವರಿದ್ದಾರೆ. ಇದನ್ನು ಪೂರ್ತಿ ನಂಬಬೇಡಿ. ಮಿಲ್ವಾಕಿಯಲ್ಲಿಯೂ ಶಿಕಾಗೊದಲ್ಲಿಯೂ ಕೊಶ್ಚುಷ್ಕೊನನ್ನು ಕುದುರೆಯ ಮೇಲೆಯೇ ಕೂರಿಸಿದ್ದಾರೆ.

ಹೆಸರನ್ನು ಬಾಯಿಯಲ್ಲಿ ಹೇಳಿ ದಾರಿ ಕೇಳುವಾಗ ಸ್ವಲ್ಪ ತಾಳ್ಮೆ ಬೇಕು. ಪೋಲಿಷ್ ಉಚ್ಚಾರದಲ್ಲಿ ಪುಲಾಸ್ಕಿ ಎಂಬುದು ಪುವಾಸ್ಕಿಗೆ ಹತ್ತಿರ. ಅಮೆರಿಕದ ಹೆಚ್ಚಿನ ಕಡೆ ಪುಲಾಸ್ಕಿ ಎನ್ನುತ್ತಾರೆ. ನ್ಯೂಯಾರ್ಕ್ ರಾಜ್ಯದಲ್ಲಿ ಅದೇ ಹೆಸರಿನ ಒಂದು ಊರಿನವರು ಪುಲಾಸ್ಕೈ ಎನ್ನುತ್ತಾರೆ. ಕೊಶ್ಚುಷ್ಕೊ ಎಂಬುದಂತೂ ಅಲ್ಲಿಯವರ ಬಾಯಲ್ಲಿ ಕಾಸಿಯಸ್ಕೊ ಆಗಿ, ಶಿಕಾಗೊದಲ್ಲಿ ಬರಿಯ ಕಾಝ್ ಎಂದೇ ಉಳಿದುಕೊಂಡಿದೆ. ಒಂದೇ ಊರನ್ನು ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ ಎಂದು ಕರೆಯುವ ನಮಗೆ ಇದು ತೊಡಕಾಗಬಾರದು. ಮೊಬೈಲಿನಲ್ಲಿ ಹುಡುಕುವಾಗ ಮಾತ್ರ ಇಂಗ್ಲಿಷ್ ಕಾಗುಣಿತ ತಪ್ಪಿದರೆ ಕೆಲಸ ಕೆಡುತ್ತದೆ. ಆದ್ದರಿಂದ ಮೊಮ್ಮಕ್ಕಳಿಂದ ಒಮ್ಮೆ ಬರೆಸಿಕೊಂಡು ಜೇಬಿನಲ್ಲಿಟ್ಟುಕೊಳ್ಳಿ.

ಹೆಸರಿನ ಜೊತೆಗೆ ಊರು ಮತ್ತು ರಸ್ತೆಯನ್ನೂ ಬರೆಸಿಕೊಳ್ಳಬೇಕೆಂಬುದನ್ನು ನಾನು ಕಲಿತದ್ದು ಒಂದು ಮಧ್ಯಾಹ್ನವನ್ನು ಹಾಳುಮಾಡಿಕೊಂಡು. ಶಿಕಾಗೊದಲ್ಲಿ ಪುಲಾಸ್ಕಿ ಪಾರ್ಕಿಗೆಂದು ಹೊರಟು, ಮೆಟ್ರೊ ರೈಲಿನ ನೀಲಿ ಮಾರ್ಗದಲ್ಲಿ ಪುಲಾಸ್ಕಿ ಎಂಬ ನಿಲ್ದಾಣದ ಹೆಸರನ್ನು ಕಂಡು, ಇನ್ನೇನು ಬೇಕು ಎಂದು ಇಳಿದುಬಿಟ್ಟೆ. ಆ ನಿಲ್ದಾಣವಿರುವುದು ಎಕ್ಸ್‌ಪ್ರೆಸ್ ಹೆದ್ದಾರಿಯ ನಟ್ಟನಡುವೆ; ಎಡಕ್ಕೂ ಬಲಕ್ಕೂ ಭೋರೆನ್ನುವ ವಾಹನಗಳಲ್ಲದೆ ಒಂದು ಮರವೂ ಕೈಗೆಟಕುವಂತಿರಲಿಲ್ಲ. ಆಮೇಲೆ ತಿಳಿಯಿತು, ಅದು ಪುಲಾಸ್ಕಿ ರಸ್ತೆಯ ನಿಲ್ದಾಣ. ಆ ರಸ್ತೆ ನಗರವನ್ನು ಉತ್ತರದಿಂದ ದಕ್ಷಿಣಕ್ಕೆ ಸೀಳಿಕೊಂಡು ಹೋಗುವುದರಿಂದ ಹಸಿರು, ಗುಲಾಬಿ, ಕಿತ್ತಳೆ ಮಾರ್ಗಗಳಲ್ಲಿಯೂ ಅದೇ ಹೆಸರಿನ ನಿಲ್ದಾಣಗಳಿವೆ, ಪಾರ್ಕು ಅವುಗಳಲ್ಲಿ ಯಾವುದರ ಬಳಿಯೂ ಇಲ್ಲ. ಆ ರಸ್ತೆಯಿಂದ ಪಾರ್ಕಿಗೆ ಪೂರ್ವಕ್ಕೆ ಸುಮಾರು ಐದು ಕಿಲೋಮೀಟರ್ ದೂರ. ಸರಿಯಾದ ದಾರಿಯೆಂದರೆ ನೀಲಿ ಮಾರ್ಗದಲ್ಲಿಯೇ ಡಿವಿಷನ್ ಎಂಬ ನಿಲ್ದಾಣದಲ್ಲಿ ಇಳಿದು, ಬ್ಲ್ಯಾಕ್‌ಹಾಕ್ ಬೀದಿಯನ್ನು ಕೇಳಿಕೊಂಡು ನಡೆಯುವುದು. ರಸ್ತೆಯ ಹೆಸರಿಗೂ ಒಂದು ಕಥೆಯಿದೆ: ಮೊದಲು ಕ್ರಾಫರ್ಡ್ ಎಂದಿದ್ದುದನ್ನು 1933ರಲ್ಲಿ ಪುಲಾಸ್ಕಿ ಎಂದು ಬದಲಿಸಿದಾಗ ಅಂಗಡಿಯವರು ವಿರೋಧಿಸಿದರು, ಜಗಳ 1952ರವರೆಗೆ ನಡೆಯಿತು.

ಪಾರ್ಕಾದರೋ ನಾಲ್ಕು ಎಕರೆಗೆ ಒಳಗಿನ ಚಿಕ್ಕ ಜಾಗ. ಇದನ್ನು ವಿನ್ಯಾಸ ಮಾಡಿದವನು ಡೆನ್ಮಾರ್ಕಿನಿಂದ ವಲಸೆ ಬಂದ ಯೆನ್ಸ್ ಯೆನ್ಸನ್. ಸುತ್ತಲೂ ಕಿಕ್ಕಿರಿದು ನೆಲೆಸಿದ್ದವರು ಪೋಲೆಂಡಿನಿಂದ ಬಂದ ಕೂಲಿಕಾರ್ಮಿಕರು. ಅಲ್ಲಿ ಗಮನವಿಟ್ಟು ನೋಡಬೇಕಾದುದು ಹುಲ್ಲುಹಾಸನ್ನಲ್ಲ, ಯುರೋಪಿನ ಹಳೆಯ ಸಭಾಭವನದಂತೆ ಕಾಣುವ ಇಳಿಜಾರು ಮಾಡಿನ ಫೀಲ್ಡ್‌ಹೌಸನ್ನು. ಮನೆಯಲ್ಲಿ ಸ್ನಾನಕ್ಕೂ ಜಾಗವಿಲ್ಲದಿದ್ದ ಕುಟುಂಬಗಳಿಗಾಗಿ ಆ ಕಾಲದ ಶಿಕಾಗೊ ಇಂತಹ ಕಟ್ಟಡಗಳಲ್ಲಿ ಸ್ನಾನಗೃಹ, ವ್ಯಾಯಾಮ ಶಾಲೆ, ಸಭಾಂಗಣಗಳನ್ನು ಒದಗಿಸುತ್ತಿತ್ತು. ಅಲ್ಲಿಂದ ನಡೆಯುವಷ್ಟು ದೂರದಲ್ಲಿ ಸಂತ ಸ್ತಾನಿಸ್ಲಾವ್ ಕೊಸ್ಟ್ಕಾ ಇಗರ್ಜಿಯಿದೆ, ನಗರದ ಪೋಲಿಷ್ ಜನರ ಮೊದಲ ಧರ್ಮಕೇಂದ್ರ. ಇಗರ್ಜಿಯನ್ನು ನಡುವಿಟ್ಟುಕೊಂಡು ಊರು ಬೆಳೆಯುವ ಬಗೆ ಮಂಗಳೂರಿನವರಿಗೆ ಪರಿಚಿತವೇ. ಆದ್ದರಿಂದ ಎರಡನ್ನೂ ಒಂದೇ ಬಾರಿಗೆ ನೋಡಿ.

ಒಂದೇ ದಿನವಿದ್ದರೆ ವಾಷಿಂಗ್ಟನ್ ಸಾಕು. ಶ್ವೇತಭವನದ ಎದುರಿನ ಲಾಫಯೆಟ್ ಚೌಕದ ಈಶಾನ್ಯ ಮೂಲೆಯಲ್ಲಿ ಕೊಶ್ಚುಷ್ಕೊ ನಿಂತಿದ್ದಾನೆ. ಅಲ್ಲಿಂದ ಹತ್ತು ಹದಿನೈದು ನಿಮಿಷ ನಡೆದರೆ ಫ್ರೀಡಂ ಪ್ಲಾಜಾದಲ್ಲಿ ಪುಲಾಸ್ಕಿ ಕುದುರೆಯ ಮೇಲಿದ್ದಾನೆ. ಎರಡೂ ಜಾಗಗಳಿಗೆ ಅವರ ಹೆಸರಿಲ್ಲ, ಬಾವುಟಗುಡ್ಡೆಯಂತೆಯೇ. ಎರಡೂ ಪ್ರತಿಮೆಗಳು ಅನಾವರಣಗೊಂಡದ್ದು ಒಂದೇ ದಿನ, 1910ರ ಮೇ 11ರಂದು. ಆದರೆ ಹಣ ಒಂದೇ ಕೈಯಿಂದ ಬಂದದ್ದಲ್ಲ: ಪುಲಾಸ್ಕಿಯದಕ್ಕೆ 1903ರಲ್ಲಿ ಅಮೆರಿಕದ ಸಂಸತ್ತು 50,000 ಡಾಲರ್ ಮಂಜೂರು ಮಾಡಿತ್ತು, ಅದನ್ನು ಕಂಡ ಪೋಲಿಷ್ ಅಮೆರಿಕನ್ನರು ಇನ್ನೊಬ್ಬ ವೀರನ ಪ್ರತಿಮೆಯನ್ನು ನಾವು ಕೊಡುತ್ತೇವೆ ಎಂದು ವಂತಿಗೆ ಎತ್ತಿದರು. ಆಗ ಪೋಲೆಂಡ್ ಎಂಬ ದೇಶವೇ ಭೂಪಟದಲ್ಲಿರಲಿಲ್ಲ. 1795ರಿಂದ 1918ರವರೆಗೆ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಅದನ್ನು ಹಂಚಿಕೊಂಡಿದ್ದವು. ಇಷ್ಟನ್ನು ತಿಳಿದು ಕೊಶ್ಚುಷ್ಕೊ ಪ್ರತಿಮೆಯ ಪೀಠವನ್ನು ಒಂದು ಸುತ್ತು ಬನ್ನಿ. ಒಂದು ಬದಿಯಲ್ಲಿ ಸಾರಟೋಗಾ ಎಂಬ ಹೆಸರು, ಇನ್ನೊಂದು ಬದಿಯಲ್ಲಿ 1794ರಲ್ಲಿ ರಷ್ಯಾದ ಸೈನ್ಯವನ್ನು ಸೋಲಿಸಿದ ರಾಟ್ಸ್‌ವಾವಿಟ್ಸೆ ಎಂಬ ಹಳ್ಳಿಯ ಹೆಸರು. ತಮಗೆ ಆಶ್ರಯ ಕೊಟ್ಟ ದೇಶದ ಗೆಲುವಿನ ಪಕ್ಕದಲ್ಲಿ ತಾವು ಕಳೆದುಕೊಂಡ ದೇಶದ ಗೆಲುವನ್ನೂ ಕೆತ್ತಿಸಿದ ಜನ, ಅದನ್ನು ಅಮೆರಿಕದ ಅಧ್ಯಕ್ಷನ ಮನೆಯ ಎದುರಿಗೇ ನಿಲ್ಲಿಸಿದರು. ಹೆಚ್ಚಿನ ಪ್ರವಾಸಿಗಳು ಶ್ವೇತಭವನದ ಕಡೆ ಮುಖಮಾಡಿ ಈ ಮೂಲೆಗೆ ಬೆನ್ನು ಹಾಕಿ ನಿಂತಿರುತ್ತಾರೆ.

ಮಿಲ್ವಾಕಿಗೆ ಹೋಗುವವರು ಲಿಂಕನ್ ಅವೆನ್ಯೂವಿನ ಕೊಶ್ಚುಷ್ಕೊ ಪಾರ್ಕನ್ನು ನೋಡಬೇಕು. ಕುದುರೆಯ ಮೇಲಿನ ಪ್ರತಿಮೆ 1905ರದು, ಅದೂ ಪೋಲಿಷ್ ಜನರ ವಂತಿಗೆಯದೇ. ಅದೇ ಅವೆನ್ಯೂವಿನಲ್ಲಿ ಹತ್ತಿರವೇ ಇರುವ ಸಂತ ಯೋಸಾಫಾತ್ ಬಸಿಲಿಕಾವನ್ನು ಶಿಕಾಗೊದಲ್ಲಿ ಕೆಡವಿದ ಅಂಚೆ ಕಚೇರಿ ಮತ್ತು ಸುಂಕದ ಕಟ್ಟಡದ ಕಲ್ಲುಗಳನ್ನು ಸುಮಾರು 500 ರೈಲು ಬಂಡಿಗಳಲ್ಲಿ ತಂದು ಕಟ್ಟಿದರು. ಹಳೆಯ ಮನೆ ಕಿತ್ತು ಅದರ ಮರಮುಟ್ಟುಗಳನ್ನು ಹೊಸ ಮನೆಗೆ ಬಳಸುವ ನಮ್ಮ ಕಡೆಯ ಮೇಸ್ತ್ರಿಗಳಿಗೆ ಇದನ್ನು ಹೇಳಬೇಕು. ಮಿಲ್ವಾಕಿಯಲ್ಲಿ ಪುಲಾಸ್ಕಿ ಪಾರ್ಕೂ ಇದೆ, ಪಕ್ಕದ ಕಡಹಿ ಎಂಬ ಊರಿನಲ್ಲಿ ಅದೇ ಹೆಸರಿನ ಇನ್ನೊಂದಿದೆ. ಹೊರಡುವ ಮೊದಲು ಯಾವುದೆಂದು ಖಚಿತಪಡಿಸಿಕೊಳ್ಳಿ.

ಸವಾನಾದಲ್ಲಿ ಈ ಗೊಂದಲ ಇನ್ನೂ ಸೊಗಸಾಗಿದೆ. ಅಲ್ಲಿ 1837ರಲ್ಲಿ, ಅಂದರೆ ನಮ್ಮ ಗುಡ್ಡೆಯ ಮೇಲೆ ಬಾವುಟ ಏರಿದ ವರ್ಷದಲ್ಲಿಯೇ, ಪುಲಾಸ್ಕಿ ಚೌಕವನ್ನು ನಿರ್ಮಿಸಿದರು. ಆದರೆ ಅಲ್ಲಿ ಪುಲಾಸ್ಕಿಯ ಸ್ಮಾರಕವಿಲ್ಲ, ಹಾಸುಪಾಚಿಯಂತಹ ಗಿಡ ಜೋತುಬಿದ್ದ ಓಕ್ ಮರಗಳ ನೆರಳು ಮಾತ್ರವಿದೆ. ಸ್ಮಾರಕವಿರುವುದು ಸ್ವಲ್ಪ ದೂರದ ಮಾಂಟೆರೆ ಚೌಕದಲ್ಲಿ, 1850ರ ದಶಕದ ಎತ್ತರದ ಕಂಬ. ಗಾಯಗೊಂಡು ಕುದುರೆಯಿಂದ ಬೀಳುತ್ತಿರುವ ಪುಲಾಸ್ಕಿಯನ್ನು ಅದರ ಬುಡದಲ್ಲಿ ಕೆತ್ತಿದ್ದಾರೆ. ಕಂಬ ಶಿಥಿಲವಾಯಿತೆಂದು 1996ರಲ್ಲಿ ಬಿಚ್ಚಿದಾಗ ಒಳಗೆ ಮೂಳೆಗಳ ಪೆಟ್ಟಿಗೆ ಸಿಕ್ಕಿತು. ಆತನ ಶವವನ್ನು ಸಮುದ್ರಕ್ಕೆ ಬಿಟ್ಟರೋ ನೆಲದಲ್ಲಿ ಹೂತರೋ ಎಂಬ ಹಳೆಯ ವಾದ ಮತ್ತೆ ಎದ್ದಿತು. 2005ರಲ್ಲಿ ಅವನ್ನು ಅಲ್ಲಿಯೇ ಮರಳಿ ಹೂಳಲಾಯಿತು. 2019ರಲ್ಲಿ ಸಂಶೋಧಕರು ಬಂಧುವೊಬ್ಬಳ ಡಿಎನ್‌ಎ ಜೊತೆ ಹೋಲಿಸಿ ಮೂಳೆಗಳು ಆತನವೇ ಎಂದರು. ಎರಡೂ ಚೌಕಗಳನ್ನು ನೋಡಿ, ಮೊದಲು ಸ್ಮಾರಕವಿಲ್ಲದುದನ್ನು.

ಫಿಲಡೆಲ್ಫಿಯಾದಲ್ಲಿ ಕೊಶ್ಚುಷ್ಕೊ ಕೆಲಕಾಲ ಬಾಡಿಗೆಗಿದ್ದ ಮನೆ ರಾಷ್ಟ್ರೀಯ ಉದ್ಯಾನ ಇಲಾಖೆಯ ಅತಿ ಚಿಕ್ಕ ಘಟಕ: 0.02 ಎಕರೆ, ನಮ್ಮ ಲೆಕ್ಕದಲ್ಲಿ ಎರಡು ಸೆಂಟ್ಸ್. ಮಂಗಳೂರಿನಲ್ಲಿ ಐದು ಸೆಂಟ್ಸಿನಲ್ಲಿ ಮನೆ ಕಟ್ಟಿದವರು ಅಲ್ಲಿ ನಿಂತು ಸಮಾಧಾನಪಟ್ಟುಕೊಳ್ಳಬಹುದು.

ಯಾವ ಪಾರ್ಕಿಗೇ ಹೋದರೂ ಪ್ರತಿಮೆಯ ಮುಖಕ್ಕಿಂತ ಮೊದಲು ಪೀಠದ ನಾಲ್ಕೂ ಬದಿಗಳ ಫೋಟೊ ತೆಗೆಯಿರಿ. ಇಸವಿ, ವಂತಿಗೆ ಕೊಟ್ಟ ಸಂಘ, ಶಿಲ್ಪಿಯ ಸಹಿ ಇರುವುದು ಅಲ್ಲಿ, ಸಹಿಯಂತೂ ಕೆಲವೊಮ್ಮೆ ಕುದುರೆಯ ಗೊರಸಿನ ಹತ್ತಿರ ಅಡಗಿರುತ್ತದೆ. ಬರಹ ಸವೆದಿದ್ದರೆ ಮಧ್ಯಾಹ್ನದ ಬಿಸಿಲಿನಲ್ಲಿ ಕಾಣುವುದಿಲ್ಲ, ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ಕಾಣುತ್ತದೆ. ಚಿಕ್ಕ ಪಾರ್ಕುಗಳಲ್ಲಿ ಶೌಚಾಲಯ ಇದ್ದೇ ಇರುತ್ತದೆಂದು ನಂಬಬೇಡಿ. ಇಲಿನಾಯ್ ರಾಜ್ಯದಲ್ಲಿ ಮಾರ್ಚ್ ತಿಂಗಳ ಮೊದಲ ಸೋಮವಾರ ಪುಲಾಸ್ಕಿ ದಿನ. ಅಂದು ಶಿಕಾಗೊದ ಚಳಿ ನಮ್ಮವರಿಗೆ ತಡೆಯುವಂತಹದಲ್ಲ, ಹಬ್ಬದ ಹೆಸರಿನಲ್ಲಿ ಮೋಸಹೋಗಬೇಡಿ. ಅಕ್ಟೋಬರ್ 11, ಆತ ತೀರಿಕೊಂಡ ದಿನ, ದೇಶಕ್ಕೆಲ್ಲ ಪುಲಾಸ್ಕಿ ಸ್ಮರಣೆಯ ದಿನ. ಆಗ ಎಲೆಗಳು ಬಣ್ಣ ತಿರುಗಿರುತ್ತವೆ, ಒಂದು ಸ್ವೆಟರ್ ಸಾಕು.

ವೆಸ್ಟ್ ಪಾಯಿಂಟಿನಲ್ಲಿ ಇನ್ನೊಂದು ತೋಟವಿದೆ, ಅದಕ್ಕೆ ಬೇರೆಯವರು ಹೆಸರಿಟ್ಟು ಗೌರವಿಸಿದ್ದಲ್ಲ. ಕೋಟೆ ಕೆಲಸದ ಬಿಡುವಿನಲ್ಲಿ ಕೊಶ್ಚುಷ್ಕೊ ತಾನೇ ಹಡ್ಸನ್ ನದಿಯ ಮೇಲಿನ ಬಂಡೆಯಂಚಿನಲ್ಲಿ, ಮಣ್ಣಿಲ್ಲದ ಕಡೆಗೆ ಮಣ್ಣು ಹೊತ್ತು ಹಾಕಿ, ಹೂಗಿಡ ನೆಟ್ಟು ಮಾಡಿಕೊಂಡದ್ದು. ಅದು ಸೇನಾ ಅಕಾಡೆಮಿಯ ಆವರಣದೊಳಗಿರುವುದರಿಂದ ಗೇಟಿನಲ್ಲಿ ತಪಾಸಣೆಯಿರುತ್ತದೆ. ಹೊರದೇಶದವರಿಗೆ ಪ್ರವೇಶದ ನಿಯಮ ಏನೆಂದು ಹಿಂದಿನ ದಿನವೇ ನೋಡಿಕೊಂಡು, ಪಾಸ್‌ಪೋರ್ಟನ್ನು ಮಗನ ಮನೆಯ ಕಪಾಟಿನಲ್ಲಿ ಬಿಡದೆ ಕೈಯಲ್ಲಿ ಹಿಡಿದೇ ಹೊರಡಿ.